ಬಯಲಿನಲ್ಲಿ ಬಯಲಾದ ಬಣ್ಣ

“ಈ ಆಗಸ್ಟ್ ಮುಗಿಯೋದ್ರೊಳಗೆ ನಿನಗೆ ಹೈಡೆ ಹೂ ತೋರಿಸ್ಲಿಲ್ಲ ಅಂದ್ರೆ ನನ್ನ ಹೆಸರು ಲ್ಯಾಮರ್ಟೇ ಅಲ್ಲ!”

ಹೀಗೆಂದು ಘೋಷಿಸಿ ಲ್ಯಾಮರ್ಟ್ ಮೇಜನ್ನು ಗುದ್ದಿದ. ಲೋಟ ಉರುಳಿತು. ಕಾಫಿ ಚೀಸಿನ ಮೇಲೆ ಹರಿದು, ಬ್ರೆಡ್ಡಿನ ತಟ್ಟೆಯನ್ನು ಸುತ್ತಿ, ಪ್ರತಿಜ್ಞೆ ಮಾಡಿದವನ ಮಡಿಲಿಗೇ ಬಂದು ಸೇರಿತು.

“ಹಾಗಾದ್ರೆ ಬೇರೆ ಹೆಸರು ಈಗ್ಲೇ ಹುಡುಕಿಟ್ಕೋ” ಎಂದಳು ಹೆಂಡತಿ ಫೆನ್ನಾ, ಒರೆಸುವ ಬಟ್ಟೆಗಾಗಿ ಕೈಯಾಡಿಸುತ್ತಾ. “ಹೋದ ವರ್ಷಾನೂ ಇದೇ ಹೇಳಿದ್ದೆ. ಅದರ ಹಿಂದಿನ ವರ್ಷಾನೂ. ನಲವತ್ತೊಂದು ವರ್ಷದಿಂದ ಹೆಸರೇ ಇಲ್ದಿರೋ ಗಂಡಸಿನ ಜೊತೆ ಸಂಸಾರ ಮಾಡ್ತಿದೀನಿ ನಾನು.”

ಮಾತು ಸುಳ್ಳಲ್ಲ. ಅವರ ಊರು ನೋರ್ಡರ್‌ಲೋದಿಂದ ಹೈಡೆ ಬಯಲಿಗೆ ಹದಿನಾರೇ ಕಿಲೋಮೀಟರು. ಹೈಡೆಯೆಂದರೆ ಮೊಣಕಾಲೆತ್ತರದ ಕುರುಚಲು ಗಿಡ. ವರ್ಷದ ಹನ್ನೊಂದು ತಿಂಗಳು ಅದನ್ನು ಕುರಿಗಳ ಹೊರತು ಯಾರೂ ತಿರುಗಿ ನೋಡುವುದಿಲ್ಲ. ಆಗಸ್ಟ್ ನಡುವಿನಲ್ಲಿ ಮಾತ್ರ, ಮೂರೇ ಮೂರು ವಾರ, ಬಯಲಿಗೆ ಬಯಲೇ ನೇರಳೆಯಾಗಿಬಿಡುತ್ತದೆ. ಎಲ್ಲೆಲ್ಲಿಂದಲೋ ಜನ ಬಂದು ನೋಡಿ ಹೋಗುತ್ತಾರೆ. ಆದರೆ ಲ್ಯಾಮರ್ಟ್ ಮನೆಗಳಿಗೆ ಬಣ್ಣ ಬಳಿಯುವವನು. ಮಳೆ ಬಿಡುವು ಕೊಡುವ ಆ ಮೂರು ವಾರಗಳಲ್ಲೇ ಊರಿನವರಿಗೆಲ್ಲ ಕಿಟಕಿಗೆ ಬಣ್ಣ ಬೇಕು, ಕೊಟ್ಟಿಗೆಯ ಬಾಗಿಲಿಗೆ ಬಣ್ಣ ಬೇಕು, ಚರ್ಚಿನ ಬೇಲಿಗೂ ಬಣ್ಣ ಬೇಕು! “ಮುಂದಿನ ವರ್ಷ ಖಂಡಿತ, ಫೆನ್ನಾ” ಎನ್ನುತ್ತಾ ಅವನು ಏಣಿ ಹತ್ತುತ್ತಿದ್ದ. ಹೀಗೆ ಊರಿನ ಬಾಗಿಲುಗಳಿಗೆಲ್ಲ ಅಸಲಿ ಬಣ್ಣ ಬಳಿದ ಮಹಾನುಭಾವ ಹೆಂಡತಿಗೆ ಮಾತ್ರ ಬಣ್ಣದ ಮಾತು ಬಳಿಯುತ್ತಾ ಬಂದ.

ಈ ವರ್ಷ ವಿಷಯ ಬೇರೆಯಿತ್ತು. ಏಣಿಯನ್ನು ಮಾರಿ ಅವನು ಮನೆಯಲ್ಲಿ ಕೂತಿದ್ದ. ಫೆನ್ನಾಳಿಗೆ ಮೂರು ವರ್ಷಗಳಿಂದ ಗ್ಲಾಕೋಮಾ. ನೋಟ ಸುತ್ತಲಿಂದ ಕಿರಿದಾಗುತ್ತಾ ಬಂದು, ಬಲಗಣ್ಣು ಪೂರ್ತಿ ಹೋಗಿ, ಎಡಗಣ್ಣಿನಲ್ಲಿ ಬೀಗದ ತೂತಿನಷ್ಟು ಉಳಿದಿತ್ತು. ಆ ತೂತಿನಲ್ಲೇ ಅವಳು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ಗಂಡನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು, ಅವನ ತಪ್ಪುಗಳನ್ನಂತೂ ಒಂದೂ ಬಿಡದೆ ಹುಡುಕುತ್ತಿದ್ದಳು. ಆ ತೂತೂ ಚಳಿಗಾಲದ ಹೊತ್ತಿಗೆ ಮುಚ್ಚಿಹೋಗಬಹುದೆಂದು ಡಾಕ್ಟರು ವಸಂತದಲ್ಲೇ ಹೇಳಿದ್ದರು. ಲ್ಯಾಮರ್ಟ್ ನಲವತ್ತೊಂದು ಆಗಸ್ಟುಗಳನ್ನು ಊರಿನವರ ಕಿಟಕಿಗಳಿಗೆ ಕೊಟ್ಟಿದ್ದ. ಇನ್ನು ಉಳಿದಿದ್ದದ್ದು ಒಂದೇ ಒಂದು.

ಕೆಲಸ ಬಿಟ್ಟಾಗಲೇ ವ್ಯಾನನ್ನೂ ಮಾರಿದ್ದರಿಂದ ಫೆನ್ನಾಳ ತಮ್ಮ ಎಗ್ಬರ್ಟನ ಬಳಿ ಜೋಡಿ ಸೈಕಲ್ ಕೇಳಿ ತಂದ. ಒಂದೇ ಸೈಕಲ್ಲು, ಹಿಂದೆಮುಂದೆ ಎರಡು ಸೀಟು, ಎರಡು ಜೊತೆ ಪೆಡಲು. ಮುಂದಿನವರ ಕೈಗೆ ಹ್ಯಾಂಡಲ್ಲು, ಹಿಂದಿನವರ ಕೈಗೆ ದೇವರು. ಸೈಕಲ್ ಕೊಟ್ಟು ಎಗ್ಬರ್ಟ್ ಕತ್ತು ಕೆರೆಯುತ್ತಾ ಅಲ್ಲೇ ನಿಂತ.

“ಭಾವ, ಅಕ್ಕ ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?”

“ಏನನ್ನ?”

“ಏನಿಲ್ಲ. ಹಿಂದಿನ ಬ್ರೇಕು ಸ್ವಲ್ಪ ಸಡಿಲ ಇದೆ, ಅಷ್ಟೆ.”

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ದಿಗ್ವಿಜಯ ಯಾತ್ರೆ ಹೊರಟಿತು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಒಣದ್ರಾಕ್ಷಿ ಬನ್ನು, ಜೇಬಿನಲ್ಲಿ ಚೀಪಲು ಕರಿ ಉಪ್ಪುಮಿಠಾಯಿ. ಲ್ಯಾಮರ್ಟ್ ಒಂದು ಎರಡು ಮೂರು ಎಂದ. ಎರಡಕ್ಕೇ ಫೆನ್ನಾ ಪೆಡಲು ಒತ್ತಿದಳು. ಮೂರಕ್ಕೆ ಇಬ್ಬರೂ ಪಕ್ಕದ ಮನೆಯ ಬೇಲಿಯೊಳಗಿದ್ದರು.

“ಮೂರು ಅಂದ್ಮೇಲೆ ತುಳೀಬೇಕು ಕಣೇ!”

“ಮೂರು ಅನ್ನೋಕೆ ನೀನು ಎಷ್ಟು ಹೊತ್ತು ತಗೋತೀಯ? ಇನ್ನೊಂದು ವರ್ಷಾನಾ?”

ಎರಡನೇ ಸಲ ಸೈಕಲ್ಲು ಹೊರಟಿತು. ಕಾಲುವೆ ದಡ, ಜೋಳದ ಹೊಲ, ಹಸುಗಳ ಹಿಂಡು ದಾಟಿತು. ಗಾಳಿ ಮುಖಕ್ಕೆ ಬಡಿದದ್ದೇ ಫೆನ್ನಾಳ ಬಾಯಿ ಬಿಚ್ಚಿಕೊಂಡಿತು. ಮದುವೆಗೆ ಮುಂಚೆ ಇದೇ ದಾರಿಯಲ್ಲಿ ಹಾಲಿನ ಡೈರಿಯ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳಂತೆ. ಮೂರು ವರ್ಷದಿಂದ ಸೈಕಲ್ ಮುಟ್ಟದವಳು ಅವಳು. ಹಿಂದಿನಿಂದ ಅವಳ ನಗು ಕೇಳಿದಾಗಲೆಲ್ಲ ಲ್ಯಾಮರ್ಟನ ಎದೆ ಒಂದೊಂದು ಅಂಗುಲ ಉಬ್ಬಿತು. ಕಣ್ಣು ಮುಚ್ಚುವ ಮುನ್ನ ಹೆಂಡತಿಗೆ ನೇರಳೆ ಸಮುದ್ರವನ್ನೇ ತೋರಿಸಲು ಹೊರಟ ವೀರ!

ಕೊನೆಯ ತಿರುವು ದಾಟಿ, ಕಾಪಿಟ್ಟ ಬಯಲಿನ ಮರದ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, ತಲೆಯೆತ್ತಿ ನೋಡಿದ ವೀರನ ಎದೆ ಉಬ್ಬಿದ್ದಕ್ಕಿಂತ ಬೇಗ ಇಳಿಯಿತು.

ಬಯಲು ಕಂದು ಬಣ್ಣಕ್ಕೆ ತಿರುಗಿತ್ತು.

ಒಂದು ಮೂಲೆಯಲ್ಲಲ್ಲ, ಇಡೀ ಬಯಲು. ಕಣ್ಣು ಹೋಗುವಷ್ಟು ದೂರ ಒಣಗಿ, ಕರಟಿ, ಸುಟ್ಟಂತೆ ಬಿದ್ದಿತ್ತು. ಗೇಟಿನ ಪಕ್ಕದ ಫಲಕದಲ್ಲಿ ಬರೆದಿದ್ದರು. ಎರಡು ಬೇಸಿಗೆ ಮಳೆಯಿಲ್ಲದೆ ಗಿಡಗಳು ಬಡವಾಗಿದ್ದವು, ಅದರ ಮೇಲೆ ಎಲೆ ತಿನ್ನುವ ಹುಳು ಬಿದ್ದಿತ್ತು, ಈ ವರ್ಷ ಹೂವಿಲ್ಲ, ದಯವಿಟ್ಟು ದಾರಿ ಬಿಟ್ಟು ನಡೆಯಬೇಡಿ. ಲ್ಯಾಮರ್ಟ್ ಅದನ್ನು ಎರಡು ಸಲ ಓದಿದ. ಮನೆಯಲ್ಲಿ ಕೂತು ಪ್ರತಿಜ್ಞೆ ಮಾಡುವ ಮೊದಲು ಯಾರಿಗಾದರೂ ಒಂದು ಫೋನು ಮಾಡಿ ವಿಚಾರಿಸಬಹುದಿತ್ತಲ್ಲ ಎಂಬ ಜ್ಞಾನೋದಯ ಆಗಷ್ಟೇ ಆಯಿತು.

“ಬಂದ್ವಾ?” ಎಂದಳು ಫೆನ್ನಾ. ಅವಳು ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಕೂದಲು ಸರಿಮಾಡಿಕೊಂಡು, ಫೋಟೋಗೆ ಕೂತವಳಂತೆ ಕೂತಿದ್ದಳು. “ಯಾಕೆ ಸುಮ್ನಿದೀಯ? ಹೇಳು.”

ಲ್ಯಾಮರ್ಟ್ ಬಾಯಿ ತೆರೆದ. ನಿಜ ಹೇಳಬೇಕೆಂದೇ ತೆರೆದ. ಆದರೆ ಅವಳ ಮುಖ ನೋಡಿದ ಮೇಲೆ ನಿಜ ಎಲ್ಲಿಂದ ಬರಬೇಕು?

“ಅಬ್ಬಬ್ಬಾ!” ಎಂದ. “ಫೆನ್ನಾ! ಏನು ಬಣ್ಣ! ನೇರಳೆ ಅಂದ್ರೆ ನೇರಳೆ! ಡಬ್ಬಿ ಡಬ್ಬಿ ಸುರಿದ ಹಾಗಿದೆ! ಇಷ್ಟು ಬಳಿಯೋಕೆ ನನಗಾಗಿದ್ರೆ ನೂರು ಆಳು ಬೇಕಿತ್ತು!”

ಫೆನ್ನಾ ಕತ್ತನ್ನು ಅತ್ತ ಇತ್ತ ಮೆಲ್ಲಗೆ ತಿರುಗಿಸಿದಳು. ಎಡಗಣ್ಣು ಕಿರಿದು ಮಾಡಿದಳು.

“ಹೂಂ” ಎಂದಳು. “ಕಾಣ್ತಿದೆ. ಅಗೋ ಆ ಕಡೆ. ಸ್ವಲ್ಪವೇ ಕಾಣ್ತಿದೆ, ಆದ್ರೂ ಎಷ್ಟು ಚೆನ್ನಾಗಿದೆ!”

ಲ್ಯಾಮರ್ಟ್ ಅವಳು ತೋರಿಸಿದ ಕಡೆ ನೋಡಿದ. ಅಲ್ಲಿದ್ದದ್ದು ಸಗಣಿ ಬಣ್ಣದ ಒಂದು ದಿಬ್ಬ. ಪಾಪ, ಆಸೆಯಿಂದ ನೋಡಿದರೆ ಹಾಗೂ ಕಾಣುತ್ತದೇನೋ ಎಂದುಕೊಂಡ. ಸುಳ್ಳು ಇಷ್ಟು ಸುಲಭವಾಗಿ ದಡ ಸೇರಿದ್ದಕ್ಕೆ ದೇವರಿಗೆ ಕೃತಜ್ಞತೆಯನ್ನೂ ಹೇಳಿದ.

ದೇವರು ಅವನ ಮಾತು ಕೇಳಿಸಿಕೊಂಡಿರಬೇಕು. ಎದುರಿನಿಂದ ತಕ್ಷಣವೇ ಒಬ್ಬ ಹೆಂಗಸನ್ನು ಕಳಿಸಿದ. ದಪ್ಪ ಬೂಟು, ಕೈಯಲ್ಲಿ ಕೋಲು, ಜೊತೆಗೊಂದು ಕರಿ ನಾಯಿ.

“ನೋಡಿದ್ರಾ? ಎಲ್ಲಾ ಸತ್ತೇ ಹೋಯ್ತು!” ಎಂದಳು ಆಕೆ ದೂರದಿಂದಲೇ. “ಮೂರು ವರ್ಷದ ಹಿಂದೆ ಇದೇ ಹೊತ್ತಿಗೆ ಎಷ್ಟು ಚೆನ್ನಾಗಿತ್ತು, ಗೊತ್ತಾ!”

“ಏನು ಸತ್ತೋಯ್ತಂತೆ?” ಫೆನ್ನಾ ಪಿಸುಗುಟ್ಟಿದಳು.

“ಅವರ ನಾಯಿ” ಎಂದು ಲ್ಯಾಮರ್ಟ್ ಅವಳ ಕಿವಿಯಲ್ಲಿ ಹೇಳಿದ. ಆ ಗಳಿಗೆಗೆ ಹೊಳೆದದ್ದು ಅದೊಂದೇ. “ಸುಮ್ನಿರು, ಪಾಪ, ಬೇಜಾರಲ್ಲಿದಾರೆ.”

ಸುಮ್ಮನಿರಲು ಹೇಳಿದರೆ ಫೆನ್ನಾ ಸುಮ್ಮನಿರುವಳೇ! ಅವಳಿಗೆ ನಾಯಿಗಳೆಂದರೆ ಪ್ರಾಣ. “ಅಯ್ಯೋ, ಕೇಳಿ ತುಂಬ ಬೇಜಾರಾಯ್ತು” ಎಂದು ಕೈ ಮುಂದೆ ಚಾಚಿದಳು. “ಏನು ಹೆಸರು?”

ನಾಯಿಯ ಹೆಸರು ಕೇಳುತ್ತಿದ್ದಾಳೆಂದು ಆ ಹೆಂಗಸಿಗೂ ಅನ್ನಿಸಿತು. “ಬೋಂಕ್ ಅಂತ.”

“ಪಾಪ, ಬೋಂಕ್! ಎಷ್ಟು ವಯಸ್ಸಾಗಿತ್ತು?”

“ಈಗ ಆರು ವರ್ಷ.”

“ಬರೀ ಆರೇ? ತುಂಬ ನರಳ್ತಾ?”

“ಅದ್ಯಾಕೆ ನರಳ್ಬೇಕು?” ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಬೋಂಕ್ ಮಾತ್ರ ಮುಂದೆ ಬಂತು. ತನ್ನ ಬಗ್ಗೆ ಇಷ್ಟೊಂದು ಕಾಳಜಿ ತೋರಿದ ಕೈಯೊಳಗೆ ಒದ್ದೆ ಮೂಗನ್ನು ತೂರಿಸಿ ನೆಕ್ಕಿತು.

“ಇದ್ಯಾರು?” ಎಂದಳು ಫೆನ್ನಾ, ಬೆಚ್ಚಿ.

“ಇನ್ನೊಂದು!” ಎಂದ ಲ್ಯಾಮರ್ಟ್. “ಅವರ ಹತ್ರ ಇನ್ನೊಂದಿದೆ! ಹೊರಡೋಣ, ಒಂದು, ಎರಡು...”

ಈ ಸಲ ಅವನೂ ಎರಡಕ್ಕೇ ತುಳಿದ. ಹಿಂದಿನಿಂದ ಆ ಹೆಂಗಸು “ರೀ, ಅಲ್ಲಿ ಸೈಕಲ್ ಹೋಗೋ ಹಾಗಿಲ್ಲ!” ಎಂದು ಕೂಗಿದ್ದು ಅವನಿಗೆ ಕೇಳಿಸಿತು. ಕೇಳಿಸಿದ್ದರಿಂದಲೇ ಇನ್ನೂ ಜೋರಾಗಿ ತುಳಿದ. ಜನ ಓಡಾಡುವ ದಾರಿಯಲ್ಲಿ ಹೋದರೆ ಹೆಜ್ಜೆಗೊಬ್ಬರು ಸತ್ಯ ಹರಿಶ್ಚಂದ್ರರು ಸಿಗುತ್ತಾರೆ. ಆದ್ದರಿಂದ ಬಲಕ್ಕೆ ಕುರಿಗಳು ನಡೆಯುವ ಕಿರುಹಾದಿಗೆ ಹ್ಯಾಂಡಲ್ ತಿರುಗಿಸಿದ.

“ರಸ್ತೆ ಯಾಕೆ ಹೀಗೆ ಕುಲುಕ್ತಿದೆ?”

“ಹತ್ತಿರದಿಂದ ತೋರಿಸ್ಬೇಕು ಅಂತ! ನೋಡು, ಎರಡೂ ಕಡೆ ಹೂವೇ ಹೂವು!”

“ಜೇನುಹುಳದ ಸದ್ದೇ ಇಲ್ವಲ್ಲ?”

“ಭಾನುವಾರ ಅಲ್ವಾ!”

ಮರುಕ್ಷಣ ಕಿರುಹಾದಿ ಮುಗಿದು ಸಡಿಲ ಮರಳು ಶುರುವಾಯಿತು. ಮುಂದಿನ ಚಕ್ರ ಹೂತು ನಿಂತಿತು. ಹಿಂದಿನ ಚಕ್ರಕ್ಕೆ ಆ ಸುದ್ದಿ ತಡವಾಗಿ ಮುಟ್ಟಿತು. ಲ್ಯಾಮರ್ಟ್ ಹ್ಯಾಂಡಲ್ಲಿನ ಮೇಲಿಂದ ಹಾರಿದ, ಫೆನ್ನಾ ಪಕ್ಕಕ್ಕೆ ಉರುಳಿದಳು. ಫ್ಲಾಸ್ಕು ಒಡೆಯಿತು. ಒಣದ್ರಾಕ್ಷಿ ಬನ್ನುಗಳು ಬಯಲಿನ ತುಂಬ ಹರಡಿದವು.

“ಫೆನ್ನಾ! ಪೆಟ್ಟಾಯ್ತಾ?”

“ಇಲ್ಲ. ಯಾವುದೋ ಮೆತ್ತಗಿನ ಗಿಡದ ಮೇಲೆ ಬಿದ್ದಿದೀನಿ.” ಅವಳು ನಗುತ್ತಿದ್ದಳು. ನಗುತ್ತಲೇ ಅಂಗೈಯನ್ನು ಗಿಡದ ಮೇಲೆ ಆಡಿಸಿದಳು. ಕೈ ನಿಧಾನವಾಯಿತು. ನಗು ನಿಂತಿತು.

ಅಷ್ಟರಲ್ಲಿ ಬಂದರು ಬಯಲಿನ ಕಾವಲಿನವರು. ಹಸಿರು ಕೋಟು, ಕೊರಳಲ್ಲಿ ದುರ್ಬೀನು, ಮೂವತ್ತರ ಆಸುಪಾಸಿನ ಹುಡುಗಿ. ಎದೆಯ ಬಿಲ್ಲೆಯ ಮೇಲೆ ಮರಿಟ್ ಎಂದು ಹೆಸರಿತ್ತು. ಓಡಿ ಬಂದದ್ದರಿಂದ ಏದುಸಿರು.

“ಏನು ಮಾಡ್ತಿದೀರಾ ನೀವು? ಇಲ್ಲಿ ನಡೆಯೋಕೂ ಬಿಡಲ್ಲ, ಸೈಕಲ್ ತಂದಿದೀರಾ?”

“ತಪ್ಪಾಯ್ತಮ್ಮಾ, ದಾರಿ ತಪ್ಪಿತು...” ಎನ್ನುತ್ತಾ ಲ್ಯಾಮರ್ಟ್ ಎದ್ದು, ಹೆಂಡತಿಗೆ ಬೆನ್ನು ಮಾಡಿ, ಹುಡುಗಿಗೆ ಒಂದು ಕಣ್ಣು ಮಿಟುಕಿಸಿದ. ಬಾಯಿಗೆ ಬೆರಳಿಟ್ಟ. ಮತ್ತೆ ಕಣ್ಣು ಮಿಟುಕಿಸಿದ.

“ಯಾಕೆ ನನಗೆ ಕಣ್ಣು ಹೊಡೀತಿದೀರಾ?” ಎಂದಳು ಮರಿಟ್.

“ಕಣ್ಣು ಹೊಡೀತಿದಾನಾ?” ಎಂದಳು ನೆಲದಲ್ಲಿದ್ದ ಫೆನ್ನಾ.

“ಮರಳು! ಕಣ್ಣಿಗೆ ಮರಳು ಬಿತ್ತು!”

“ಎರಡು ವರ್ಷದಿಂದ ಒಣಗಿ ಒಣಗಿ ಇಡೀ ಬಯಲು ಕಂದಾಗಿ ಸತ್ತು ಬಿದ್ದಿದೆ” ಎಂದಳು ಮರಿಟ್. ಅವಳ ದನಿ ನಡುಗುತ್ತಿತ್ತು. ಅದು ಬರೀ ಸಿಟ್ಟಲ್ಲ. “ಬೇರಲ್ಲಿ ಎಲ್ಲಾದ್ರೂ ಒಂದಿಷ್ಟು ಜೀವ ಉಳಿದಿದ್ಯಾ ಅಂತ ನಾವು ದಿನಾ ಮಂಡಿಯೂರಿ ಹುಡುಕ್ತಿದೀವಿ. ಉಳಿದಿರೋದನ್ನೂ ನೀವು ತುಳಿದು ಹಾಕ್ಬೇಕಾ?”

ನಲವತ್ತು ವರ್ಷ ಬಣ್ಣ ಬಳಿದವನ ಬಣ್ಣ ಹೀಗೆ ಬಯಲಿನಲ್ಲೇ ಬಯಲಾಯಿತು.

ಫೆನ್ನಾ ದನಿ ಬಂದ ಕಡೆಗೆ ಮುಖ ತಿರುಗಿಸಿದ್ದಳು, ಆದರೆ ಅವಳ ನೋಟ ಮರಿಟಳ ಭುಜದಾಚೆ ಎಲ್ಲೋ ನಿಂತಿತ್ತು. ಮರಿಟ್ ಅವಳನ್ನೂ, ಬಿದ್ದಿದ್ದ ಜೋಡಿ ಸೈಕಲ್ಲನ್ನೂ, ಬೆರಳಿನ್ನೂ ಬಾಯಿಯ ಮೇಲೇ ಇದ್ದ ಲ್ಯಾಮರ್ಟನನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು.

“ಹತ್ತು ನಿಮಿಷ ಸುಧಾರಿಸ್ಕೊಳ್ಳಿ” ಎಂದಳು ಮೆಲ್ಲಗೆ. “ಆಮೇಲೆ ಸೈಕಲ್ ಎತ್ಕೊಂಡು ಬಂದ ದಾರೀಲೇ ವಾಪಸ್ ಬನ್ನಿ. ನಾನು ಗೇಟಿನ ಹತ್ರ ಇರ್ತೀನಿ.” ಚೆಲ್ಲಿದ ಬನ್ನುಗಳನ್ನು ಒಂದೊಂದಾಗಿ ಆರಿಸಿ, ಡಬ್ಬಿಗೆ ಹಾಕಿ, ಫೆನ್ನಾಳ ಪಕ್ಕದಲ್ಲಿಟ್ಟು ಹೊರಟುಹೋದಳು.

ಲ್ಯಾಮರ್ಟ್ ಹೆಂಡತಿಯ ಪಕ್ಕ ಕೂತ.

“ಫೆನ್ನಾ, ನಾನು...”

“ನಾಯಿ?”

“ಸತ್ತಿರಲಿಲ್ಲ.”

“ಜೀವ ಇರೋ ನಾಯಿಗೆ ನನ್ನ ಕೈಲಿ ಸಂತಾಪ ಹೇಳಿಸಿದೆ.”

“ಹೂಂ.”

ಅವಳು ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ.

“ಎಲ್ಲರೂ ನನಗೆ ಸುಳ್ಳು ಹೇಳ್ತಾರೆ, ಲ್ಯಾಮರ್ಟ್” ಎಂದಳು. “ಮೂರು ವರ್ಷದಿಂದ. ‘ಫೆನ್ನಾ, ಎಷ್ಟು ಚೆನ್ನಾಗಿ ಕಾಣ್ತಿದೀಯ. ಫೆನ್ನಾ, ಸಾರು ಸೀದಿಲ್ಲ, ತುಂಬಾ ರುಚಿಯಾಗಿದೆ.’ ಎಲ್ಲರ ದನೀನೂ ಕಾಯಿಲೆಯವರ ಮನೇಲಿ ಮಾತಾಡೋ ಹಾಗಾಗಿದೆ. ನೀನೊಬ್ಬ ಮಾತ್ರ ‘ಸಾರು ಸೀದಿದೆ, ಕಣ್ಣು ಕಾಣಲ್ಲ ಅಂದ್ರೆ ಮೂಗೂ ಹೋಯ್ತಾ’ ಅಂತ ರೇಗ್ತಿದ್ದೆ. ಆಗೆಲ್ಲ ನನಗೆಷ್ಟು ಸಮಾಧಾನ ಆಗ್ತಿತ್ತು, ಗೊತ್ತಾ? ಇನ್ನೂ ಒಬ್ಬ ನನ್ನ ಜೊತೆ ಜಗಳ ಆಡ್ತಾನಲ್ಲ ಅಂತ. ಈಗ ನೀನೂ ಅವರ ಗುಂಪಿಗೆ ಸೇರ್ಕೊಂಡೆ.”

ಲ್ಯಾಮರ್ಟ್ ಮರಳಿನಲ್ಲಿ ಬೆರಳಾಡಿಸಿದ. ಆಗ ತಲೆಗೆ ಒಂದು ವಿಷಯ ಬಂತು. ಬೆರಳು ಅಲ್ಲೇ ನಿಂತಿತು.

“ಫೆನ್ನಾ. ಗೇಟಿನ ಹತ್ರ ನಾನು ನೇರಳೆ ಅಂದಾಗ, ನೀನು ಕಾಣ್ತಿದೆ ಅಂದೆ. ಆ ಕಡೆ ಅಂತ ಕೈ ತೋರಿಸಿದೆ.”

ಅವಳು ಅಂಗೈಯ ಮರಳು ಕೊಡವಿದಳು.

“ಅಲ್ಲಿ ನೇರಳೆ ಇರಲೇ ಇಲ್ಲ.”

“ಅದು ಈಗ ತಾನೇ ಗೊತ್ತಾಯ್ತಲ್ಲ ನನಗೆ.”

“ಹಾಗಾದ್ರೆ ಏನು ಕಂಡಿತು ನಿನಗೆ?”

ದೂರದಲ್ಲಿ ಕುರಿಗಳ ಗಂಟೆ ಸದ್ದಾಯಿತು, ಹತ್ತಿರ ಬಂದು ಮತ್ತೆ ದೂರ ಹೋಯಿತು. ಅದು ಪೂರ್ತಿ ನಿಂತ ಮೇಲೆ ಫೆನ್ನಾ ಹೇಳಿದಳು.

“ಜೂನಲ್ಲೇ ಹೋಯ್ತು. ಒಂದಿನ ಬೆಳಗ್ಗೆ ಎದ್ದೆ, ಕಿಟಕಿ ಎಲ್ಲಿದೆ ಅನ್ನೋದಷ್ಟೇ ಗೊತ್ತಾಯ್ತು. ಎಗ್ಬರ್ಟ್ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ. ಔಷಧಿ ಹನಿ ಬದಲಾಯಿಸೋಕೆ ಅಂತ ನಿನಗೆ ಹೇಳಿದ್ದೆ, ನೆನಪಿದ್ಯಾ? ಬೆಳಕು ಕತ್ತಲೆ ಗೊತ್ತಾಗುತ್ತೆ. ಅಷ್ಟೇ.”

“ಎಗ್ಬರ್ಟನಿಗೆ ಗೊತ್ತು. ನನಗೆ ಗೊತ್ತಿಲ್ಲ!” ಲ್ಯಾಮರ್ಟ್ ಎದ್ದು ನಿಂತ. “ಎರಡು ತಿಂಗಳು! ಒಂದೇ ಮನೇಲಿ! ಆಲೂಗೆಡ್ಡೆ ಸಿಪ್ಪೆ ತೆಗೀತಿದ್ದೆ! ಗುಂಡಿ ಹಚ್ತಿದ್ದೆ!”

“ಕೈಗೇನೂ ಗ್ಲಾಕೋಮಾ ಬಂದಿಲ್ವಲ್ಲ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಈ ಸೈಕಲ್ ತರ್ತಿದ್ಯಾ?” ಫೆನ್ನಾಳ ದನಿ ಮೊದಲ ಸಲ ಒಡೆಯಿತು. “ಕಾಣದೇ ಇರೋಳಿಗೆ ಹೂ ಯಾಕೆ ಅಂತ ಮನೇಲೇ ಕೂರಿಸ್ತಿದ್ದೆ. ನಲವತ್ತೊಂದು ವರ್ಷ ಮುಂದಿನ ವರ್ಷ ಮುಂದಿನ ವರ್ಷ ಅಂದವನು ಈ ಸಲ ನೀನಾಗೇ ಹೊರಟಿದ್ದೆ, ಲ್ಯಾಮರ್ಟ್. ನಿನ್ನ ಜೊತೆ ಒಂದು ಸಲ ಬರ್ಬೇಕಿತ್ತು ನನಗೆ. ಹೂ ಕಾಣ್ಲಿ ಬಿಡ್ಲಿ.”

ಅವನು ಮತ್ತೆ ಕೂತ. ಕೂತನೋ ಕುಸಿದನೋ. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಎರಡು ತಿಂಗಳು ಅವಳು ಒಬ್ಬಳೇ ಆ ಕತ್ತಲನ್ನು ಇಟ್ಟುಕೊಂಡು ಓಡಾಡಿದ್ದಳು. ಬೆಳಗ್ಗೆ ಅವನ ಎದುರು ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ‘ಇವತ್ತು ಮೋಡ ಇದೆ ಅಲ್ವಾ’ ಎಂದು ಕೇಳುತ್ತಿದ್ದಳು. ಅವನೋ ಪೇಪರಿನ ಹಿಂದಿನಿಂದ ‘ಕಾಣಲ್ವಾ, ಕವಿದು ಕೂತಿದೆ’ ಎನ್ನುತ್ತಿದ್ದ.

“ಜರೇನಿಯಂ ಗಿಡಗಳು” ಎಂದ ಕೊನೆಗೆ.

“ಯಾವ ಗಿಡ?”

“ಹಿತ್ತಿಲ ಕಿಟಕಿ ಹೊರಗೆ ನೀನು ನೆಟ್ಟಿದ್ದು. ಮೇ ತಿಂಗಳಲ್ಲೇ ಸತ್ತುಹೋದ್ವು. ನಾನು ನೀರು ಹಾಕೋದು ಮರೆತಿದ್ದೆ. ನಿನಗೆ ಗೊತ್ತಾಗ್ಬಾರ್ದು ಅಂತ ದಿನಾ ಬೆಳಗ್ಗೆ ಖಾಲಿ ಕುಂಡಕ್ಕೆ ನೀರು ಹಾಕ್ತಿದೀನಿ. ನಿನಗೆ ಸದ್ದು ಕೇಳ್ಲಿ ಅಂತ.”

ಇಡೀ ಬಯಲು ಸತ್ತದ್ದಕ್ಕೆ ಅಳದಿದ್ದ, ತನ್ನ ಕಣ್ಣಿಗೂ ಅಳದಿದ್ದ ಫೆನ್ನಾ ಈಗ ನಾಲ್ಕು ಕುಂಡ ಜರೇನಿಯಮ್ಮಿಗೆ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಲ್ಯಾಮರ್ಟ್ ಏನೂ ಮಾಡಲು ತೋಚದೆ ಜೇಬಿನಿಂದ ಉಪ್ಪುಮಿಠಾಯಿ ತೆಗೆದು ಅವಳ ಕೈಗಿಟ್ಟ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಅಳುವುದನ್ನು ಮುಂದುವರಿಸಿದಳು.

“ಈಗ ಹೇಳು” ಎಂದಳು, ಮಿಠಾಯಿ ಕರಗಿದ ಮೇಲೆ. “ನಿಜವಾಗ್ಲೂ ಹೇಗಿದೆ?”

“ಕಂದು.”

“ಯಾವ ಕಂದು? ನಲವತ್ತು ವರ್ಷ ಬಣ್ಣ ಬಳಿದವನಿಗೆ ಒಂದೇ ಪದಾನಾ?”

ಲ್ಯಾಮರ್ಟ್ ನೋಡಿದ. ಬಂದಾಗಿನಿಂದ ಹೆಂಡತಿಯ ಮುಖವನ್ನೂ ಎದುರು ಬರುವ ಜನರನ್ನೂ ನೋಡಿದ್ದನೇ ಹೊರತು ಬಯಲನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ.

“ಹತ್ತಿರದ್ದು ತುಕ್ಕು ಹಿಡಿದ ಬಕೆಟ್ಟಿನ ಹಾಗಿದೆ. ಅದರಾಚೆ ಚಹಾ ಸೋಸಿ ಬಿಟ್ಟ ಪುಡಿ. ಇನ್ನೂ ಆಚೆ ಸ್ವಲ್ಪ ಬೂದಿ ಬೆರೆಸ್ಬೇಕು, ಒಂದು ಡಬ್ಬಿಗೆ ಎರಡು ಚಮಚ. ನಡುನಡುವೆ ಪಾಚಿ. ಹಸಿರಲ್ಲ, ಹಳೇ ಟಾರ್ಪಾಲು ಇರುತ್ತಲ್ಲ, ಆ ಬಣ್ಣ. ತುದೀಲಿ ಪೈನ್ ಮರದ ಸಾಲು, ಕಪ್ಪು. ಆಕಾಶಕ್ಕೆ ಯಾರೋ ಪ್ರೈಮರ್ ಹೊಡೆದು ಬಣ್ಣ ಹಚ್ಚದೆ ಊಟಕ್ಕೆ ಹೋಗಿದಾರೆ.”

“ಹೂಂ” ಎಂದಳು ಫೆನ್ನಾ. ಕಣ್ಣು ಮುಚ್ಚಿಕೊಂಡಿದ್ದಳು. “ಒಂದಾದ್ರೂ ಹೂ ಇದೆಯಾ?”

ಅವನು ಮೊಣಕಾಲೂರಿ ಹುಡುಕಿದ. ಅವಳು ಬಿದ್ದಿದ್ದ ಗಿಡ, ಅದರ ಪಕ್ಕದ್ದು, ಅದರಾಚೆಯದು. ಮುಟ್ಟಿದರೆ ಎಲೆ ಪುಡಿಯಾಗಿ ಬೆರಳಿಗಂಟುತ್ತಿತ್ತು. ಎಷ್ಟೋ ಹೊತ್ತು ಹುಡುಕಿದ. ‘ಇದೆ, ಇಲ್ಲೊಂದು ಪುಟ್ಟದಿದೆ’ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅದನ್ನು ನುಂಗುವುದು ಅವನ ಜೀವಮಾನದಲ್ಲೇ ಕಷ್ಟದ ಕೆಲಸವಾಯಿತು.

“ಇಲ್ಲ” ಎಂದ. “ಒಂದೂ ಇಲ್ಲ, ಫೆನ್ನಾ.”

ಅವಳು ತಲೆಯಾಡಿಸಿದಳು. ಕೈ ಚಾಚಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಪುಡಿಯಾದ ಎಲೆಗಳು ಇಬ್ಬರ ಅಂಗೈಗಳ ನಡುವೆ ಚರಚರ ಎಂದವು.

ಗೇಟಿನ ಬಳಿ ಮರಿಟ್ ಕಾಯುತ್ತಿದ್ದಳು. ಲ್ಯಾಮರ್ಟ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಏದುತ್ತಾ ಬಂದ. ಫೆನ್ನಾ ಅವನ ಕೋಟಿನ ತುದಿ ಹಿಡಿದು ಹಿಂದೆ ನಡೆದಳು.

“ಮತ್ತೆ ಚಿಗುರುತ್ತಾ ಇದು?” ಎಂದು ಕೇಳಿದಳು ಫೆನ್ನಾ.

ಮರಿಟ್ ಒಮ್ಮೆ ಲ್ಯಾಮರ್ಟನ ಕಡೆ ನೋಡಿದಳು. ಅವನು ಈ ಸಲ ಕಣ್ಣು ಮಿಟುಕಿಸಲಿಲ್ಲ. “ಗೊತ್ತಿಲ್ಲ” ಎಂದಳು. “ಕೆಲವು ಕಡೆ ಚಿಗುರಬಹುದು. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನನಗನ್ನಿಸಲ್ಲ.”

“ಇದ್ದದ್ದು ಇದ್ದ ಹಾಗೆ ಹೇಳಿದೆಯಲ್ಲ, ಒಳ್ಳೇದಾಯ್ತಮ್ಮ” ಎಂದು ಫೆನ್ನಾ ಬನ್ನಿನ ಡಬ್ಬಿಯನ್ನು ಅವಳ ಕಡೆ ಚಾಚಿದಳು. “ಮರಳಿರುತ್ತೆ, ನೋಡ್ಕೊಂಡು ತಿನ್ನು.”

ವಾಪಸು ಹೊರಟಾಗ ಗಾಳಿ ಎದುರಿನಿಂದ ಬೀಸುತ್ತಿತ್ತು. ಲ್ಯಾಮರ್ಟ್ ಮುಂದೆ ಬಾಗಿ ಕೂತ. ಹಸುಗಳು ಬಂದವು, ಜೋಳದ ಹೊಲ ಬಂತು. ಅವನು ಯಾವುದನ್ನೂ ವರ್ಣಿಸಲಿಲ್ಲ. ಕಾಲುವೆ ದಡಕ್ಕೆ ಬರುವ ಹೊತ್ತಿಗೆ ಸೈಕಲ್ಲು ನಡೆಯುವವರಿಗಿಂತ ನಿಧಾನವಾಗಿತ್ತು.

“ಲ್ಯಾಮರ್ಟ್.”

“ಏನು?”

“ತುಳೀತಿದೀಯಾ?”

“ತುಳೀತಿದೀನಲ್ಲ!”

“ಲ್ಯಾಮರ್ಟ್.”

ಮೂಗೆಳೆಯುವ ಸದ್ದು ಗಾಳಿಯಲ್ಲಿ ಹಿಂದಕ್ಕೆ ಬಂತು. “ಇಲ್ಲ” ಎಂದ.

“ಯಾವಾಗಿಂದ?”

“ಗೇಟು ದಾಟಿದಾಗಿಂದ.”

“ಅಳ್ತಿದೀಯ.”

“ಹೂಂ.”

“ಅಳು. ಬೇಡ ಅನ್ನಲ್ಲ” ಎಂದಳು ಫೆನ್ನಾ ಹಿಂದಿನಿಂದ, ಉಸಿರು ಎಳೆದುಕೊಳ್ಳುತ್ತಾ. “ಅಳೋದು ಕಣ್ಣಿನ ಕೆಲಸ. ಕಾಲಿಗೇನಾಗಿದೆ ನಿನಗೆ? ತುಳೀತಾ ಅಳು.”